‘ಅರೆಗುರುತು’ ಎಂದರೆ ಅರ್ಥವಾಗುತ್ತದೆಯೇ?

ಬಳಗದವರಿಗೆ ನಮಸ್ಕಾರ. ರೋಗದ ವಿರುದ್ಧ ಹೋರಾಡುವ ನಮ್ಮ ಮೈಯ ಕೋಶಗಳ ಬಗ್ಗೆ ಕನ್ನಡದಲ್ಲಿ ಮಾತನಾಡಲು ಒಂದು ಪದ ಹುಡುಕುತ್ತಿದ್ದೇನೆ.

ಗೋಣಿಕೊಪ್ಪಲಿನ ಬಳಿಯ ಒಂದು ತೋಟದಲ್ಲಿ ಡೆಂಗಿ ಜ್ವರದ ಬಗ್ಗೆ ಮಾತನಾಡಲು ಹೋಗಿದ್ದೆ. ಜೀವಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಇಂಥ ಕರೆ ಬರುತ್ತಲೇ ಇರುತ್ತದೆ. ಅಡಿಕೆ ಹಾಳೆ, ಹಳೆಯ ಟೈರು, ಟಾರ್ಪಾಲಿನ ಮಡಿಕೆಗಳಲ್ಲಿ ನಿಲ್ಲುವ ನೀರಿನ ಮಾತೆಲ್ಲ ಸರಾಗವಾಗಿ ಮುಗಿಯಿತು. ಆಮೇಲೆ ಬರೆದುಕೊಂಡು ಹೋಗಿದ್ದ ‘ಟಿ ಕಣ’ ಎಂಬ ಪದವನ್ನು ಓದಿದೆ; ಅದು ಸೋಂಕಿನಿಂದ ಮೈ ಕಾಯುವ ಬಿಳಿ ರಕ್ತಕಣಗಳ ಒಂದು ಬಗೆ. ಲೈನ್ ಮನೆಯ ಹುಡುಗನೊಬ್ಬ, ‘ಕಾಫಿ ಕಣ ಗೊತ್ತು, ಇದು ಯಾವುದು ಸಾರ್ ಟೀ ಕಣ?’ ಎಂದ. ನಮ್ಮಲ್ಲಿ ಕಣ ಎಂದರೆ ಕಾಫಿ ಒಣಗಿಸುವ ಅಂಗಳ. ಅಂದಿನಿಂದ ನಾನು ‘ಟಿ ಕೋಶ’ದ ಪಕ್ಷ.

ಆ ‘ಟಿ’ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯ ಮೊದಲಕ್ಷರ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಕೋಶಗಳು ಅಲ್ಲಿ ಬಲಿಯುತ್ತವೆ. ಈ ಗ್ರಂಥಿಯಿಂದ ಏನು ಪ್ರಯೋಜನ ಎಂಬುದನ್ನು ಜಾಕ್ ಮಿಲ್ಲರ್ 1961ರಲ್ಲಿ ತೋರಿಸಿಕೊಟ್ಟರು. ಕನ್ನಡದ ಲೆಕ್ಕದಲ್ಲಿ ಅದು ‘ಥ ಕೋಶ’ ಆಗಬೇಕಿತ್ತು, ಆದರೆ ಆ ಜಗಳ ಈಗ ಬೇಡ.

ನನ್ನನ್ನು ಕಟ್ಟಿಹಾಕಿದ್ದು ತೋಟದ ಯಜಮಾನಿಯ ಪ್ರಶ್ನೆ. ಅವರ ಮಗನಿಗೆ ಡೆಂಗಿ ಎರಡನೆಯ ಸಲ ಬಂದಿತ್ತು, ಮೊದಲಿಗಿಂತ ಜೋರಾಗಿ. ‘ಮೇಷ್ಟರೇ, ಒಮ್ಮೆ ಬಂದು ಹೋದದ್ದನ್ನು ಮೈ ಗುರುತು ಹಿಡಿಯಬೇಕಲ್ಲವೇ?’ ಎಂದರು.

ಗುರುತು ಹಿಡಿಯುತ್ತದೆ, ತೊಂದರೆ ಇರುವುದೂ ಅಲ್ಲಿಯೇ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ವೈರಸ್ ಹೊಕ್ಕ ಕೋಶವು ಅದರ ಪ್ರೋಟೀನಿನ ತುಣುಕುಗಳನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ. ಆ ತುಣುಕಿಗೆ ಹೊಂದುವ ಟಿ ಕೋಶಗಳು ಸಾವಿರಾರು ಪಟ್ಟು ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಸೋಂಕು ತಗುಲಿದ ಕೋಶವನ್ನು ಕೊಲ್ಲುತ್ತವೆ, ಕೆಲವು ಉಳಿದ ರಕ್ಷಣಾ ಕೋಶಗಳಿಗೆ ಒತ್ತಾಸೆಯಾಗುತ್ತವೆ. ಜ್ವರ ಇಳಿದ ಮೇಲೆ ಹೆಚ್ಚಿನವು ಸಾಯುತ್ತವೆ, ಕೆಲವು ನೆನಪು ಇಟ್ಟುಕೊಂಡು ಉಳಿಯುತ್ತವೆ. ಮುಂದೆ ಬೇರೆ ಬಗೆಯ ಡೆಂಗಿ ಬಂದಾಗ ಮೊದಲು ಎದ್ದು ನಿಲ್ಲುವುದು ಈ ಹಳಬರೇ.

ಕೊಡವರಲ್ಲಿ ಅಪರಿಚಿತರನ್ನು ಮೊದಲು ಕೇಳುವುದು ಯಾವ ಮನೆತನದವರೆಂದು. ಒಕ್ಕದ ಹೆಸರು ತಿಳಿದರೆ ಅರ್ಧ ಪರಿಚಯವಾದಂತೆ, ಆದರೆ ಎದುರಿಗಿರುವುದು ಅಣ್ಣನೋ ತಮ್ಮನೋ ಎಂಬುದು ಅದರಿಂದ ತಿಳಿಯುವುದಿಲ್ಲ. ಹಳೆಯ ಟಿ ಕೋಶಗಳ ಪಾಡೂ ಹೆಚ್ಚುಕಡಿಮೆ ಅದೇ. ಹೊಸ ವೈರಸ್ಸಿನ ತುಣುಕಿಗೆ ಅವು ಸಡಿಲವಾಗಿ ಅಂಟಿಕೊಳ್ಳುತ್ತವೆ. ಆಗ ಕೊಲ್ಲುವ ಕೆಲಸ ಹಿಂದೆ ಬೀಳಬಹುದು, ಸೈಟೊಕೈನ್ ಎಂಬ ಸಂದೇಶದ ವಸ್ತುಗಳು ಮಾತ್ರ ಧಾರಾಳವಾಗಿ ಸುರಿಯಬಹುದು. ಡೆಂಗಿ ಬಿಗಡಾಯಿಸಿದಾಗ ರಕ್ತನಾಳಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸೋರಿಹೋಗುವುದರಲ್ಲಿ ಇದರ ಪಾಲೂ ಇದೆ ಎಂಬುದು ಒಂದು ವಾದ. (ಹಳೆಯ ಪ್ರತಿಕಾಯಗಳೇ, ಅಂದರೆ ಮೊದಲ ಸೋಂಕಿನಲ್ಲಿ ಮೈ ತಯಾರಿಸಿದ ರಕ್ಷಣಾ ಪ್ರೋಟೀನುಗಳೇ, ವೈರಸ್ಸನ್ನು ಕೋಶದೊಳಕ್ಕೆ ಹೊತ್ತೊಯ್ಯುವುದು ಬೇರೆಯೇ ಕಥೆ. ಪತ್ರಿಕೆಗಳು ಎರಡನ್ನೂ ಕಲಸಿಬಿಡುತ್ತವೆ.)

ಹೀಗೆ ಹಳೆಯ ಕಲಿಕೆಗೇ ಜೋತುಬೀಳುವುದಕ್ಕೆ 1960ರಲ್ಲಿ ಥಾಮಸ್ ಫ್ರಾನ್ಸಿಸ್ ಎಂಬ ವಿಜ್ಞಾನಿ, ಫ್ಲೂ ಜ್ವರದ ಸಂದರ್ಭದಲ್ಲಿ, ಕ್ರೈಸ್ತರ ‘ಆದಿಪಾಪ’ವನ್ನು ನೆನಪಿಸುವ ಹೆಸರಿಟ್ಟರು. ಅದನ್ನು ಹಾಗೆಯೇ ಕನ್ನಡಕ್ಕೆ ತಂದರೆ ಯಜಮಾನಿ ಮಗನ ಜಾತಕ ಹಿಡಿದುಕೊಂಡು ಬರುತ್ತಾರೆ. ಸ್ನೇಹಿತರೊಬ್ಬರು ‘ಹಳೇ ಗಂಡನ ಪಾದವೇ ಗತಿ’ ಎನ್ನಿ ಎಂದರು. ಅರ್ಥ ಚೆನ್ನಾಗಿಯೇ ಕೂರುತ್ತದೆ, ಭಾಷಣದಲ್ಲಿ ಹೇಳಲು ನನಗೆ ಧೈರ್ಯವಿಲ್ಲ.

ನೆನಪು ಇಟ್ಟುಕೊಂಡು ಉಳಿಯುವ ಆ ಕೋಶಗಳಿಗೆ ‘ಸ್ಮೃತಿ ಕೋಶ’ ಎಂಬ ಬಳಕೆಯೂ ನನಗೆ ಹಿಡಿಸುವುದಿಲ್ಲ. ಸ್ಮೃತಿ ಎಂದೊಡನೆ ಶಾಸ್ತ್ರದ ಗತ್ತು ಬಂದುಬಿಡುತ್ತದೆ, ಅದು ತಪ್ಪಬಹುದು ಎಂದು ಅನಿಸುವುದೇ ಇಲ್ಲ. ನೆನಪು ಹಾಗಲ್ಲ, ಅದು ಮಸುಕಾಗುತ್ತದೆ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರನ್ನು ಕೂಗಿಸುತ್ತದೆ. ಆದ್ದರಿಂದ ‘ನೆನಪಿನ ಕೋಶ’ ಎಂದೇ ಬರೆಯುತ್ತಿದ್ದೇನೆ.

ಇನ್ನು ಹೊಸ ವೈರಸ್ಸಿನೊಡನೆ ಹಳೆಯ ಕೋಶಗಳ ಆ ಸಡಿಲ ಹೊಂದಿಕೆಗೆ ಒಂದು ಹೆಸರು ಬೇಕು. ‘ಅಡ್ಡ ಪ್ರತಿಕ್ರಿಯೆ’ ಎಂದರೆ ಔಷಧಿಯ ಅಡ್ಡ ಪರಿಣಾಮದಂತೆ ಕೇಳುತ್ತದೆ. ‘ತಪ್ಪು ಗುರುತು’ ಎಂದರೆ ತೀರ್ಪು ಕೊಟ್ಟಂತಾಗುತ್ತದೆ. ಈ ತೀರ್ಪು ಇನ್ನೂ ಬಂದಿಲ್ಲ. ನಾಲ್ಕೂ ಬಗೆಗಳಲ್ಲಿ ಹೆಚ್ಚು ಬದಲಾಗದ ವೈರಸ್ಸಿನ ಭಾಗಗಳನ್ನು ಹಿಡಿಯುವ ಟಿ ಕೋಶಗಳು ರೋಗ ಬಿಗಡಾಯಿಸದಂತೆ ಕಾಯುತ್ತವೆ ಎಂದು ತೋರಿಸಿದ ಅಧ್ಯಯನಗಳೂ ಇವೆ. ಅಂದರೆ ಅರ್ಧ ಪರಿಚಯ ಕೆಲವೊಮ್ಮೆ ಕೆಡಿಸುತ್ತದೆ, ಕೆಲವೊಮ್ಮೆ ಕಾಪಾಡುತ್ತದೆ. ಪದವು ಎರಡೂ ಕಡೆಗೆ ವಾಲದೆ ನಿಲ್ಲಬೇಕು.

ಅರೆನಿದ್ದೆ, ಅರೆಮನಸ್ಸು ಇರುವಾಗ ‘ಅರೆಗುರುತು’ ಏಕಾಗಬಾರದು? ‘ಹಳೆಯ ಟಿ ಕೋಶಗಳಿಗೆ ಹೊಸ ವೈರಸ್ಸಿನ ಅರೆಗುರುತು ಹತ್ತುತ್ತದೆ’ ಎಂದು ಬರೆದು ನೋಡಿದೆ. ನನ್ನ ಅನುಮಾನ ಒಂದೇ: ‘ಅರೆ’ ಎಂದರೆ ಕೊರತೆ ಎಂದೇ ಓದುಗರು ತಿಳಿಯುತ್ತಾರೆಯೇ? ನಿಮ್ಮ ಊರಿನಲ್ಲಿ, ಎಲ್ಲೋ ನೋಡಿದ ಮುಖ ಅನ್ನಿಸಿ ಹೆಸರು ಹೊಳೆಯದ ಸ್ಥಿತಿಗೆ ಬೇರೆ ಪದವಿದ್ದರೆ ತಿಳಿಸಿ. ಮುಂದಿನ ಭಾನುವಾರ ಪೊನ್ನಂಪೇಟೆಯಲ್ಲಿ ಇದೇ ಮಾತನ್ನು ಮತ್ತೆ ಆಡಬೇಕಾಗಿದೆ.