ಅಪ್‌ಡೇಟ್: 'ನಾನು ರ‍್ಯಾಂಕ್ 0' ಸಮಸ್ಯೆ ಬಗೆಹರಿಯಿತು

ಹೋದ ವಾರ ಕೇಳಿದ್ದೆ ಅಲ್ವಾ, ಕ್ಲಸ್ಟರ್‌ನಲ್ಲಿ (ಜೋಡಿಸಿದ ಹಲವು ಕಂಪ್ಯೂಟರ್‌ಗಳ ಗುಂಪು) ಎಲ್ಲರೂ ಬಳಸಲು ಮೊದಲೇ ಹಾಕಿಟ್ಟಿರುವ ಪೈಥಾನ್, ನಂಪೈ, ಓಪನ್ ಎಂಪಿಐ (ಪ್ರೋಸೆಸ್‌ಗಳು ಪರಸ್ಪರ ಮಾತಾಡಲು ಬಳಸುವ ಲೈಬ್ರರಿ) ಮಾಡ್ಯೂಲ್‌ಗಳ ಮೇಲೆ ನನ್ನ ಮಳೆ ಲೆಕ್ಕದ ಕೋಡ್ ಕಟ್ಟಿದ್ದೇನೆ, 4 ಪ್ರೋಸೆಸ್ ಓಡಿಸಿದರೆ ನಾಲ್ಕೂ 'ನಾನು ರ‍್ಯಾಂಕ್ 0, ಒಟ್ಟು 1' ಅನ್ನುತ್ತಿವೆ ಅಂತ. ರ‍್ಯಾಂಕ್ ಅಂದರೆ ಪ್ರತಿ ಪ್ರೋಸೆಸ್‌ನ ಕ್ರಮಸಂಖ್ಯೆ, ನಾಲ್ಕಕ್ಕೂ ಬೇರೆ ಬೇರೆ ಬರಬೇಕಿತ್ತು. ಕಾರಣ ಸಿಕ್ಕಿತು.

ನಾನು ಎಂಪಿಐ4ಪೈಯನ್ನು (ಪೈಥಾನ್‌ನಿಂದ ಎಂಪಿಐ ಬಳಸುವ ಪ್ಯಾಕೇಜ್) ಕಾಂಡಾ ಎಂಬ ಪ್ಯಾಕೇಜ್ ಮ್ಯಾನೇಜರ್‌ನಿಂದ ಹಾಕಿಕೊಂಡಿದ್ದೆ. ಅದು ಜೊತೆಗೆ ಬೇರೆಯೇ ಒಂದು ಎಂಪಿಐ ಲೈಬ್ರರಿ ತಂದಿತ್ತು. ಪ್ರೋಸೆಸ್‌ಗಳನ್ನು ಎಬ್ಬಿಸಿದ್ದು ಕ್ಲಸ್ಟರ್‌ನ ಎಂಪಿಐರನ್, ಕೋಡ್ ಮಾತಾಡಿದ್ದು ಇನ್ನೊಂದರ ಜೊತೆ. ಹಾಗಾಗಿ ಪ್ರತಿಯೊಂದೂ ತಾನೊಂದೇ ಇರುವುದು ಅಂದುಕೊಂಡಿತ್ತು. ಒಂದೇ ಲೆಕ್ಕ ನಾಲ್ಕು ಸಲ ನಡೆಯುತ್ತಿತ್ತು. ಎರರ್ ಒಂದೂ ಬರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ನೀವು ಹೇಳಿದಂತೆ ಕಾಂಡಾ ಬಿಟ್ಟೆ. ಮೊದಲು ಮಾಡ್ಯೂಲ್‌ಗಳನ್ನು ಲೋಡ್ ಮಾಡಿ, ಅವುಗಳ ಮೇಲೆ 'ಸಿಸ್ಟಮ್ ಸೈಟ್ ಪ್ಯಾಕೇಜಸ್' ಆಯ್ಕೆ (ಮಾಡ್ಯೂಲ್‌ನ ಪ್ಯಾಕೇಜ್‌ಗಳೂ ಕಾಣಲಿ ಅಂತ) ಕೊಟ್ಟು ವೆನ್ವ್, ಅಂದರೆ ಪೈಥಾನ್‌ನ ಪ್ರತ್ಯೇಕ ಪರಿಸರ, ಮಾಡಿದೆ. ಆಮೇಲೆ ಪಿಪ್‌ಗೆ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) 'ನೋ ಬೈನರಿ', ಅಂದರೆ ಮೊದಲೇ ಕಟ್ಟಿದ್ದು ಬೇಡ, ಅಂತ ಹೇಳಿ ಎಂಪಿಐ4ಪೈಯನ್ನು ಕ್ಲಸ್ಟರ್‌ನ ಎಂಪಿಐ ಮೇಲೆ ಅಲ್ಲೇ ಕಂಪೈಲ್ ಮಾಡಿಸಿದೆ. 'ನೋ ಕ್ಯಾಶ್ ಡಿರ್' ಕೂಡ ಹಾಕಿ, ಇಲ್ಲದಿದ್ದರೆ ಹಿಂದೆ ಕಟ್ಟಿದ್ದನ್ನೇ ಎತ್ತಿಕೊಳ್ಳಬಹುದು. ಈಗ ರ‍್ಯಾಂಕ್ 0, 1, 2, 3 ಬರುತ್ತಿವೆ. ನೋಡಿ ತುಂಬಾ ಖುಷಿಯಾಯಿತು!

ಮಾಡ್ಯೂಲ್ ಹೆಸರಿನ ಜೊತೆ ಆವೃತ್ತಿಯನ್ನೂ ಬರೆದಿಡಿ ಅಂದವರಿಗೆ ವಿಶೇಷ ಧನ್ಯವಾದ. ಸುಮ್ನೆ ಹೆಸರು ಕೊಟ್ಟರೆ ಡೀಫಾಲ್ಟ್ ಬದಲಾದ ದಿನ ನನ್ನ ಕೋಡ್ ಮುರಿಯುತ್ತದೆ. ಮಾಡ್ಯೂಲ್ ಲೋಡ್ ಮಾಡುವ ಸಾಲುಗಳನ್ನು ಒಂದು ಸ್ಕ್ರಿಪ್ಟ್‌ಗೆ ಹಾಕಿ ಗಿಟ್‌ನಲ್ಲಿ ಇಟ್ಟಿದ್ದೇನೆ, ಜಾಬ್ ಫೈಲ್ ಕೂಡ ಅದನ್ನೇ ಓದುತ್ತದೆ.

ಎಚ್5ಪೈ (ಪೈಥಾನ್‌ನಿಂದ ಎಚ್‌ಡಿಎಫ್5 ಎಂಬ ಡೇಟಾ ಫೈಲ್‌ಗಳನ್ನು ಓದಿ ಬರೆಯುವ ಪ್ಯಾಕೇಜ್) ಇನ್ನೂ ಬಾಕಿ. ಎಲ್ಲ ರ‍್ಯಾಂಕ್‌ಗಳೂ ಒಂದೇ ಫೈಲಿಗೆ ಬರೆಯಬೇಕಾದರೆ ಅದನ್ನೂ ಪ್ಯಾರಲಲ್ ಎಚ್‌ಡಿಎಫ್5 ಮೇಲೆ ಕಟ್ಟಬೇಕು. ನಾಳೆ ಕೂರುತ್ತೇನೆ.