ಕ್ಯಾನನ್ 1500ಡಿ: ರಿಮೋಟ್ ತಂದೆ, ಕ್ಯಾಮೆರಾ ಕ್ಯಾರೇ ಅಂತಿಲ್ಲ

ಕಾಪು ಕಡಲು
ನಮಸ್ಕಾರ. ನನ್ನ ಹತ್ರ ಇರುವುದು ಕ್ಯಾನನ್ 1500ಡಿ, ಅದರೊಟ್ಟಿಗೆ ಬಂದ 18-55 ಲೆನ್ಸು, ಒಂದು ಹಳೇ ಟ್ರೈಪಾಡು. ಕಾಪು ಲೈಟ್‌ಹೌಸಿನ ಬುಡದ ಬಂಡೆ ಮೇಲೆ ನಿಂತು, ಸೂರ್ಯ ಮುಳುಗಿದ ಮೇಲೆ ಅಲೆಯ ಫೋಟೊ ತೆಗೀಲಿಕ್ಕೆ ಶುರು ಮಾಡಿದ್ದೇನೆ. ಅರ್ಧ ಸೆಕೆಂಡು, ಒಂದು ಸೆಕೆಂಡು ಶಟರ್ ಇಟ್ರೆ ಅಲ್ಲಾಡದ ಬಂಡೆಗೂ ಎರಡೆರಡು ಅಂಚು ಬರ್ತದೆ. ಬಟನ್ ಒತ್ತುವಾಗ ಕ್ಯಾಮೆರಾ ಅಲ್ಲಾಡುವುದು ಅಂತ ಗೊತ್ತಾಯ್ತು. ಹಾಗೆ ಕಳೆದ ವಾರ ಒಂದು ಅಂಗಡಿಯಿಂದ ವೈರ್‌ಲೆಸ್ ರಿಮೋಟ್ ತಂದೆ, 450 ರೂಪಾಯಿ. "ಕ್ಯಾನನ್‌ಗೆ ಆಗ್ತದೆ" ಅಂತ ಹೇಳಿಯೇ ಕೊಟ್ಟದ್ದು. ಮನೆಗೆ ಬಂದು ಒತ್ತಿದೆ, ಒತ್ತಿದೆ, ಹೆಬ್ಬೆರಳು ನೋವು ಬಂತೇ ಹೊರತು ಕ್ಲಿಕ್ ಇಲ್ಲ. ಸೆಲ್ ಬದಲಿಸಿದೆ. ಮೆನು ಪೂರಾ ಜಾಲಾಡಿದೆ. ರಿಮೋಟ್ ಹಾಳಾ, ಕ್ಯಾಮೆರಾ ಹಾಳಾ, ನನ್ನ ತಲೆ ಹಾಳಾ?

ಹಳೇ ಸ್ಟುಡಿಯೋ
ರಿಮೋಟಿನ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಒತ್ತಿ ನೋಡಿ. ಸ್ಕ್ರೀನಿನಲ್ಲಿ ನೇರಳೆ ಚುಕ್ಕೆ ಮಿಣುಕ್ತದಾ?

ಕಾಪು ಕಡಲು
ಮಿಣುಕಿತು! ಕಣ್ಣಿಗೆ ಕಾಣುವುದಿಲ್ಲ, ಮೊಬೈಲಿಗೆ ಕಾಣ್ತದೆ. ಎಂತ ಇದು ಮಾಯೆ?

ಹಳೇ ಸ್ಟುಡಿಯೋ
ಮಾಯೆ ಎಂತದ್ದೂ ಇಲ್ಲ, ಟಿವಿ ರಿಮೋಟಿಗೂ ಹೀಗೆಯೇ. ಇನ್‌ಫ್ರಾರೆಡ್. ಅಂದ್ರೆ ನಿಮ್ಮ ರಿಮೋಟ್ ಸಮ ಉಂಟು, ಆದರೆ ಅದನ್ನು ಕೇಳುವ ಕಿವಿ 1500ಡಿಗೆ ಇಲ್ಲ. ನಿಮ್ಮ ಕೈಯಲ್ಲಿರುವುದು ಕ್ಯಾನನ್‌ನ ಆರ್‌ಸಿ-6 ತರದ್ದು. 700ಡಿಯಂಥ ಬಾಡಿಗಳಲ್ಲಿ ಮುಂದಿನ ಹಿಡಿಕೆಯ ಹತ್ರ ಕಪ್ಪು ಗಾಜಿನಂಥ ಒಂದು ಸಣ್ಣ ಕಿಟಕಿ ಇರ್ತದೆ, ಅದು ಇದ್ರೆ ಮಾತ್ರ ಇದು ಕೆಲಸ ಮಾಡುವುದು. 1300ಡಿ, 1500ಡಿಗಳಲ್ಲಿ ಆ ಕಿಟಕಿ ಇಲ್ಲ. ಬ್ಲೂಟೂತ್ ರಿಮೋಟ್ ಬಿಆರ್-ಇ1 ತರುವ ಅಂತ ಹೊರಡಬೇಡಿ, ನಿಮ್ಮ ಕ್ಯಾಮೆರಾದಲ್ಲಿ ವೈಫೈ ಉಂಟು, ಬ್ಲೂಟೂತ್ ಇಲ್ಲ.
"ಕ್ಯಾನನ್‌ಗೆ ಆಗ್ತದೆ" ಅನ್ನುವುದು "ಮಾರುತಿಗೆ ಆಗ್ತದೆ" ಅಂತ ಹೇಳಿ ಬ್ರೇಕ್ ಪ್ಯಾಡ್ ಕೊಟ್ಟ ಹಾಗೆ. ಯಾವ ಮಾರುತಿ?

ಪೆರಂಪಳ್ಳಿ ಪಿಕ್ಸೆಲ್
ನಿಕಾನಿನವರು ನಗಬೇಡಿ. ನನ್ನದು ಡಿ3500. ಅಣ್ಣನ ಹಳೇ ಡಿ3400ಕ್ಕೆ ಎಂಎಲ್-ಎಲ್3 ಅನ್ನುವ ಇನ್‌ಫ್ರಾರೆಡ್ ರಿಮೋಟ್ ಚಂದದಲ್ಲಿ ನಡೀತಿತ್ತು. ಹೊಸ ಮಾಡೆಲ್ ಅಲ್ವಾ, ಇದರಲ್ಲಿಯೂ ಇರ್ತದೆ ಅಂತ ತಗೊಂಡೆ. ಇನ್‌ಫ್ರಾರೆಡ್ ತೆಗೆದುಹಾಕಿದ್ದಾರೆ, ವೈರಿನ ರಿಮೋಟ್ ಹಾಕ್ಲಿಕ್ಕೆ ತೂತೂ ಇಲ್ಲ. ಉಳಿದದ್ದು ಮೊಬೈಲಿನ ಸ್ನ್ಯಾಪ್‌ಬ್ರಿಜ್ ಆ್ಯಪ್ ಒಂದೇ. ಹೊಸತು ಬಂದಾಗ ಹಳತರಲ್ಲಿ ಇದ್ದದ್ದು ಇರಬೇಕು ಅಂತ ಏನಿಲ್ಲ ಮಾರಾಯ್ರೆ.

ಬೋಳಾರ ಬ್ಯಾಚುಲರ್
ಎಲ್ಲ ಓದಿದೆ. ಒಂದು ಪ್ರಶ್ನೆ: ರಿಮೋಟ್ ಯಾಕೆ? 1500ಡಿಯಲ್ಲಿ 2 ಸೆಕೆಂಡಿನ ಸೆಲ್ಫ್ ಟೈಮರ್ ಉಂಟು, ಪುಕ್ಕಟೆ. ಒತ್ತಿ ಕೈ ತೆಗೀರಿ, ಅಲ್ಲಾಟ ನಿಲ್ತದೆ, ಕ್ಲಿಕ್. ಐದು ವರ್ಷದಿಂದ ನಾನು ಅದರಲ್ಲೇ ತೆಗೆಯುವುದು. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ದೋಣಿಯ ದೀಪ, ಸೋಮೇಶ್ವರದ ಬಂಡೆ, ಎಲ್ಲ. ಕೆಲವರಿಗೆ ಬ್ಯಾಗಿನಲ್ಲಿ ಸಾಮಾನು ತುಂಬಿಸದಿದ್ರೆ ಫೋಟೊಗ್ರಾಫರ್ ಅನ್ನಿಸುವುದಿಲ್ಲ.

ಮಿಂಚುಳ್ಳಿ ಮಣಿಪಾಲ
ದೋಣಿಯ ದೀಪ ನಿಮಗೋಸ್ಕರ ಎರಡು ಸೆಕೆಂಡು ಕಾಯ್ತದೆ ಬ್ಯಾಚುಲರ್ರೇ, ಮಡಿವಾಳ ಹಕ್ಕಿ ಕಾಯುವುದಿಲ್ಲ. ನಮ್ಮ ಹಿತ್ತಲಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟಿದ್ದೇನೆ. ಮಾರ್ಚ್ ಬಂತು ಅಂದ್ರೆ ಪಿಕಳಾರ, ಮಡಿವಾಳ, ಸೂರಕ್ಕಿ ಎಲ್ಲ ಮಧ್ಯಾಹ್ನದ ಮೇಲೆ ಸ್ನಾನಕ್ಕೆ ಬರ್ತವೆ. ಮನುಷ್ಯ ಹತ್ರ ಇದ್ರೆ ಬರ್ಲಿಕ್ಕಿಲ್ಲ. ಕ್ಯಾಮೆರಾವನ್ನು ತಟ್ಟೆಯಿಂದ ನಾಲ್ಕಡಿ ದೂರ ಟ್ರೈಪಾಡಿನಲ್ಲಿಟ್ಟು, ಮೇಲೊಂದು ಹಳೇ ಹಸಿರು ಲುಂಗಿ ಹೊದಿಸಿ, ಅಡುಗೆಮನೆ ಕಿಟಕಿಯಿಂದ ಒತ್ತುತ್ತೇನೆ. ದೋಸೆ ಹೊಯ್ತಾ ಹೊಯ್ತಾ. ನಿಮ್ಮ ಟೈಮರ್ ಇಲ್ಲಿ ಎಂತ ಮಾಡ್ತದೆ?

ಬೋಳಾರ ಬ್ಯಾಚುಲರ್
ಹಕ್ಕಿಯದ್ದು ಬೇರೆ ಲೆಕ್ಕ. ಒಪ್ಪಿದೆ. ಅವರು ಕೇಳಿದ್ದು ಬಂಡೆಯದ್ದು.

ಹಳೇ ಸ್ಟುಡಿಯೋ
ಇಲ್ಲೇ ಗಂಟು ಇರುವುದು. ಕ್ಯಾಮೆರಾ ಮುಟ್ಟಬಾರದು ಅನ್ನುವುದು ಒಂದು ಅಗತ್ಯ, ಕ್ಯಾಮೆರಾದಿಂದ ದೂರ ಇರಬೇಕು ಅನ್ನುವುದು ಇನ್ನೊಂದು. "ವೈರ್‌ಲೆಸ್" ಅನ್ನುವ ಶಬ್ದ ಎರಡನ್ನೂ ಒಟ್ಟಿಗೆ ಮಾರ್ತದೆ. ಕಾಪುವಿನವರು ಟ್ರೈಪಾಡಿನ ಪಕ್ಕದಲ್ಲೇ ನಿಲ್ಲುವವರು, ಅವರಿಗೆ ದೂರದ ದರಕಾರೇ ಇಲ್ಲ. ಅವರಿಗೆ ಬೇಕಾದ್ದು 60 ಸೆಂಟಿಮೀಟರ್ ವೈರು.
1500ಡಿಯ ಎಡಬದಿಯ ರಬ್ಬರ್ ಮುಚ್ಚಳ ತೆಗೆದ್ರೆ ಸಣ್ಣ ದುಂಡಗಿನ ತೂತು ಉಂಟು, 2.5 ಮಿಲಿಮೀಟರ್. ಇಯರ್‌ಫೋನಿನ 3.5 ಅದಕ್ಕೆ ಹೋಗುವುದಿಲ್ಲ, ಒತ್ತಿ ತುರುಕಬೇಡಿ. ಕ್ಯಾನನ್‌ನದ್ದೇ ಆರ್‌ಎಸ್-60ಇ3 ಅಂತ ಸ್ವಿಚ್ಚು ಬರ್ತದೆ, ಬೇರೆ ಕಂಪೆನಿಯ ಕಡಿಮೆ ದರದ್ದೂ ಸಿಗ್ತದೆ. ಒಳಗೆ ಇರುವುದು ಮೂರೇ ಸಂಪರ್ಕ: ನೆಲ (ಗ್ರೌಂಡ್ ವೈರು), ಫೋಕಸ್, ಶಟರ್. ನೆಲಕ್ಕೆ ಫೋಕಸ್ ತಾಗಿದ್ರೆ ಬಟನ್ ಅರ್ಧ ಒತ್ತಿದ ಹಾಗೆ, ಶಟರೂ ತಾಗಿದ್ರೆ ಪೂರ್ತಿ ಒತ್ತಿದ ಹಾಗೆ. ಸೋಲ್ಡರ್ ಹಿಡಿಯಲಿಕ್ಕೆ ಬರುವವರು ಒಂದು ಸ್ಟೀರಿಯೊ ಪಿನ್ನು, ಎರಡು ಒತ್ತುಗುಂಡಿಯಲ್ಲಿ ಮನೆಯಲ್ಲೇ ಮಾಡಬಹುದು. ಪಿನ್ನಿನ ತುದಿ ಶಟರು, ನಡು ಉಂಗುರ ಫೋಕಸ್, ಬುಡ ನೆಲ.

ಬೋಳಾರ ಬ್ಯಾಚುಲರ್
ಅದೇ ಕೆಲಸ ಟೈಮರ್ ಮಾಡ್ತದಲ್ಲ! ವೈರು ಯಾಕೆ?

ಹಳೇ ಸ್ಟುಡಿಯೋ
ನೀವು ಸೋಮೇಶ್ವರದ ಬಂಡೆ ತೆಗೆದದ್ದು ಎಷ್ಟು ಸೆಕೆಂಡಿನಲ್ಲಿ?

ಬೋಳಾರ ಬ್ಯಾಚುಲರ್
20, 25. ನೀರು ಮಂಜಿನ ಹಾಗೆ ಬರಬೇಕಲ್ಲ.

ಹಳೇ ಸ್ಟುಡಿಯೋ
ಹಾಗಾದ್ರೆ ನಿಮಗೆ ಟೈಮರ್ ಸಾಕು, ನಾನೂ ಒಪ್ತೇನೆ. 25 ಸೆಕೆಂಡಿನಲ್ಲಿ ಎರಡು ಅಲೆ ಬಂದು ಹೋಗ್ತದೆ, ಯಾವಾಗ ಒತ್ತಿದ್ರೂ ಒಂದೇ. ಕಾಪುವಿನವರದ್ದು ಅರ್ಧ ಸೆಕೆಂಡು. ಅಲೆ ಬಂಡೆಗೆ ಬಡಿದು, ನೊರೆ ಮೇಲೆದ್ದು, ಮತ್ತೆ ಹಿಂದಕ್ಕೆ ಇಳಿಯುವಾಗ ಬಿಳಿ ಗೆರೆಗೆರೆಯಾಗಿ ಜಾರ್ತದಲ್ಲ, ಆ ಗೆರೆ ಸಿಗುವುದು ಇಳಿಯಲು ಶುರುವಾದ ಮೊದಲ ಸೆಕೆಂಡಿನಲ್ಲಿ. ಎರಡು ಸೆಕೆಂಡು ಮೊದಲೇ ಒತ್ತಬೇಕು ಅಂದ್ರೆ ಅಲೆ ಇನ್ನೂ ಬಡಿದೇ ಇರುವುದಿಲ್ಲ. ಜಾತಕ ನೋಡಿ ಒತ್ತಬೇಕು.
ಇನ್ನೊಂದು. ಅಲ್ಲಾಟ ಹೆಚ್ಚು ಕಾಣುವುದು 1/15ರಿಂದ 1 ಸೆಕೆಂಡಿನ ಒಳಗೆ. 20 ಸೆಕೆಂಡಿನ ಫೋಟೊದಲ್ಲಿ ಮೊದಲ ಕಾಲು ಸೆಕೆಂಡು ಅಲ್ಲಾಡಿದ್ರೂ ಉಳಿದದ್ದೆಲ್ಲ ಅದನ್ನು ನುಂಗಿ ಹಾಕ್ತದೆ. ಅದಕ್ಕೇ ನಿಮಗೆ ಐದು ವರ್ಷದಿಂದ ತೊಂದರೆ ಗೊತ್ತಾಗಲಿಲ್ಲ.

ತೆಂಕುಪೇಟೆ
ಬ್ಯಾಚುಲರ್ ಔಟ್ 😄

ಬೋಳಾರ ಬ್ಯಾಚುಲರ್
ಔಟ್ ಏನಿಲ್ಲ. ಅರ್ಧ ಸೆಕೆಂಡಿನಲ್ಲಿ ಅಲ್ಲಾಡುವುದು ಬೆರಳಿನಿಂದ ಮಾತ್ರವಾ? ಒಳಗೆ ಕನ್ನಡಿ ಪಟ್ ಅಂತ ಮೇಲೆ ಹೋಗುವುದು ಯಾರ ಲೆಕ್ಕಕ್ಕೆ? ಯಾವ ರಿಮೋಟ್ ತಂದ್ರೂ ಆ ಕನ್ನಡಿ ಬಡಿಯುವುದು ನಿಲ್ಲುವುದಿಲ್ಲ. ಲೈವ್ ವ್ಯೂ ಹಾಕಿ, ಅಂದ್ರೆ ಹಿಂದಿನ ಸ್ಕ್ರೀನಿನಲ್ಲಿ ನೋಡಿ ತೆಗೀರಿ, ಕನ್ನಡಿ ಮೊದಲೇ ಮೇಲೆ ಇರ್ತದೆ. ಇದನ್ನು ಯಾರೂ ಹೇಳಲಿಲ್ಲ.

ಹಳೇ ಸ್ಟುಡಿಯೋ
ಈ ಮಾತಿಗೆ ನೂರು ಮಾರ್ಕು. ಅದರೊಟ್ಟಿಗೆ, ಟ್ರೈಪಾಡಿನಲ್ಲಿಟ್ಟಾಗ ಲೆನ್ಸಿನ ಐಎಸ್ (ಕೈ ಅಲ್ಲಾಟ ತಡೆಯುವ) ಸ್ವಿಚ್ ಆಫ್ ಮಾಡಿ. ಮರಳಿನಲ್ಲಿ ನಿಲ್ಲಿಸುವವರು ಕಾಲನ್ನು ಗೇಣು ಆಳಕ್ಕೆ ಒತ್ತಿ ಹುಗಿಯಿರಿ. ಅಲೆ ಬಂದು ಹೋದಾಗ ಕಾಲಿನಡಿಯ ಮರಳು ಸರಿದು ಟ್ರೈಪಾಡು ಕೂದಲೆಳೆಯಷ್ಟು ಕುಸೀತದೆ. ಅದಕ್ಕೆ ರಿಮೋಟೂ ಇಲ್ಲ, ಟೈಮರೂ ಇಲ್ಲ.

ಪೆರಂಪಳ್ಳಿ ಪಿಕ್ಸೆಲ್
ಮಲ್ಪೆ ಬಂದರಿನಲ್ಲಿ ನನಗೆ ಅದೇ ಆದದ್ದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಲ್ವಾ, ಬೋಟುಗಳೆಲ್ಲ ಒಂದಕ್ಕೊಂದು ತಾಗಿ ನಿಂತಿರ್ತವೆ, ನಿಂತ ಬೋಟು ಶಾರ್ಪ್ ಬರ್ತದೆ ಅಂತ 10 ಸೆಕೆಂಡು ಇಟ್ಟೆ. ಧಕ್ಕೆ (ಬೋಟು ಕಟ್ಟುವ ಕಟ್ಟೆ) ಸೂಜಿಯಷ್ಟು ಶಾರ್ಪ್, ಬೋಟು ಮಾತ್ರ ಮಸುಕು. ರಿಮೋಟ್ ಇಲ್ಲದ್ದಕ್ಕೆ ಹೀಗೆ ಅಂತ ಕ್ಯಾಮೆರಾಕ್ಕೆ ಬೈದೆ. ನೀರಿನ ಮೇಲಿನ ಬೋಟು ನಿಂತಿದ್ರೂ ತೂಗಾಡ್ತದೆ ಅಂತ ಮನೆಗೆ ಬಂದ ಮೇಲೆ ಹೊಳೆದದ್ದು.

ಕಾಪು ಕಡಲು
ವೈರು ತರ್ತೇನೆ. ಆದರೆ ಮಿಂಚುಳ್ಳಿಯವರ ದೋಸೆಯ ಕತೆ ಕೇಳಿ ಆಸೆ ಆಯ್ತು. ನಮ್ಮ ಬಾವಿಕಟ್ಟೆಗೂ ಹಕ್ಕಿ ಬರ್ತದೆ. ನಿಮ್ಮದು ಯಾವ ರಿಮೋಟ್? ಕ್ಯಾನನ್‌ನ ಮೊಬೈಲ್ ಆ್ಯಪಿನಲ್ಲಿ ಆಗುವುದಿಲ್ವಾ?

ಮಿಂಚುಳ್ಳಿ ಮಣಿಪಾಲ
ಆ್ಯಪ್ ಮೊದಲು ನೋಡಿ, ಖರ್ಚಿಲ್ಲ. ಹಕ್ಕಿ ಎಲ್ಲಿ ಕೂತಿದೆ ಅಂತ ಮೊಬೈಲಿನಲ್ಲಿ ಕಾಣ್ತದೆ, ಅದು ಯಾವ ರಿಮೋಟಿನಲ್ಲೂ ಇಲ್ಲದ ಸುಖ. ಆದರೆ ಕ್ಯಾಮೆರಾದ ವೈಫೈಗೆ ಕನೆಕ್ಟ್ ಆದ ಮೊಬೈಲು "ಇದರಲ್ಲಿ ಇಂಟರ್‌ನೆಟ್ ಇಲ್ಲ" ಅಂತ ಬಿಟ್ಟು ಓಡಿಹೋಗ್ತದೆ. ಹಿಡಿದು ತರುವಷ್ಟರಲ್ಲಿ ಪಿಕಳಾರ ಸ್ನಾನ ಮುಗಿಸಿ ಮೈ ಒಣಗಿಸಿ ಆಗಿರ್ತದೆ. ಒತ್ತಿದ ಮೇಲೆ ಕ್ಲಿಕ್ ಆಗುವುದೂ ಒಂದು ಗಳಿಗೆ ತಡ. ಲೈವ್ ವ್ಯೂ, ವೈಫೈ ಎರಡೂ ಓಡುವುದರಿಂದ ಬ್ಯಾಟರಿಯೂ ಬೇಗ ಖಾಲಿ.
ನನ್ನದು ರೇಡಿಯೊ, 2.4 ಗಿಗಾಹರ್ಟ್ಸ್. ಯೋಂಗ್‌ನುವೊ ಆರ್‌ಎಫ್-603, ಒಂದು ಜೋಡಿ. ಒಂದನ್ನು ಕ್ಯಾಮೆರಾದ ತಲೆ ಮೇಲೆ ಕೂರಿಸಿ, ಅದರಿಂದ ಸಣ್ಣ ವೈರನ್ನು ರಿಮೋಟ್ ತೂತಿಗೆ ಹಾಕುವುದು. ಇನ್ನೊಂದು ಕೈಯಲ್ಲಿ. ಗೋಡೆ, ಕಿಟಕಿ ದಾಟಿ ಹೋಗ್ತದೆ, ಬಿಸಿಲಿನ ಹೆದರಿಕೆ ಇಲ್ಲ. ಇನ್‌ಫ್ರಾರೆಡ್ ಆದ್ರೆ ಮಧ್ಯಾಹ್ನದ ಬಿಸಿಲಿಗೆ ಕುರುಡಾಗ್ತದೆ, ಕ್ಯಾಮೆರಾದ ಮುಂದೆಯೇ ನಿಲ್ಲಬೇಕು. ಅಡುಗೆಮನೆಯಿಂದ ಆಗುವ ಕೆಲಸ ಅಲ್ಲ.
ತಗೊಳ್ಳುವಾಗ ವೈರಿನ ತುದಿ ನೋಡಿ. ನಿಮಗೆ ಬೇಕಾದ್ದು ಇ3, ಅಂದ್ರೆ ಆ 2.5 ಮಿಲಿಮೀಟರ್ ಪಿನ್ನು, ಕೆಲವು ಪೆಟ್ಟಿಗೆ ಮೇಲೆ ಸಿ1 ಅಂತ ಬರೆದಿರ್ತದೆ. ದೊಡ್ಡ ಕ್ಯಾನನ್‌ಗಳದ್ದು ಎನ್3, ಅದರ ತುದಿಯೇ ಬೇರೆ. ಮತ್ತೆ "ಕ್ಯಾನನ್‌ಗೆ ಆಗ್ತದೆ" ಅಂತ ಹೇಳಿದವರ ಮಾತು ಕೇಳಿ ಬರಬೇಡಿ.

ತೆಂಕುಪೇಟೆ
ರೇಡಿಯೊದವರಿಗೆ ಒಂದು ಎಚ್ಚರಿಕೆ. ವಿಟ್ಲಪಿಂಡಿಯ (ಕೃಷ್ಣಾಷ್ಟಮಿಯ ಮರುದಿನದ ಮೊಸರುಕುಡಿಕೆ ಹಬ್ಬ) ದಿನ ಉಡುಪಿಯ ರಥಬೀದಿಯಲ್ಲಿ ಪರಿಚಯದ ಮನೆಯ ಮಹಡಿಯ ಸರಳಿಗೆ ಕ್ಯಾಮೆರಾ ಕ್ಲ್ಯಾಂಪ್ ಮಾಡಿ ನಾನು ಕೆಳಗೆ ನಿಂತಿದ್ದೆ. ಗುರ್ಜಿಗೆ (ಮರದ ಕಮಾನು) ತೂಗುಹಾಕಿದ ಮೊಸರುಕುಡಿಕೆ ಒಡೆಯುವಾಗ ಮೇಲಿನಿಂದ ಒಂದು ಸಿಗಬೇಕು ಅಂತ. ರಾತ್ರಿ ಕಾರ್ಡ್ ನೋಡ್ತೇನೆ, ನಾನು ಒತ್ತಿದ್ದು ನಲ್ವತ್ತು, ಇರುವುದು ಮುನ್ನೂರು! ಹುಲಿವೇಷ ಇಲ್ಲದ ಖಾಲಿ ಬೀದಿ, ಯಾರದ್ದೋ ಕೊಡೆ, ಐಸ್‌ಕ್ರೀಮ್ ಗಾಡಿ. ಅದೇ ಕಂಪೆನಿಯ ರಿಮೋಟ್ ಹಿಡಿದ ಇನ್ನೊಬ್ಬರು ಅಲ್ಲೇ ಎಲ್ಲೋ ಇದ್ರು, ಇಬ್ಬರದ್ದೂ ಪೆಟ್ಟಿಗೆಯಿಂದ ತೆಗೆದ ಹಾಗೇ ಒಂದೇ ಚಾನೆಲ್. ಅವರು ಒತ್ತಿದ್ದಕ್ಕೆಲ್ಲ ನನ್ನ ಕ್ಯಾಮೆರಾ "ಹೂಂ" ಅಂದಿದೆ.

ಮಿಂಚುಳ್ಳಿ ಮಣಿಪಾಲ
ಅಯ್ಯೋ 😂 ಅವರ ಕ್ಯಾಮೆರಾದಲ್ಲಿಯೂ ನಿಮ್ಮ ನಲ್ವತ್ತು ಇರಬೇಕು. ಬ್ಯಾಟರಿ ಹಾಕುವಲ್ಲಿ ಸಣ್ಣ ಸ್ವಿಚ್ಚುಗಳು ಇರ್ತವೆ, ಎರಡರಲ್ಲೂ ಒಂದೇ ತರ ಬದಲಿಸಿದ್ರೆ ಚಾನೆಲ್ ಬದಲಾಯ್ತು. ನಾನು ಮನೆಯಲ್ಲೇ ಇರುವವಳು, ನನಗೆ ಇದು ಹೊಳೆದೇ ಇರಲಿಲ್ಲ.

ಹಳೇ ಸ್ಟುಡಿಯೋ
ಬಾವಿಕಟ್ಟೆಗೆ ಹೋಗುವ ಮೊದಲು ಇನ್ನೆರಡು. ಆಟೋಫೋಕಸ್‌ನಲ್ಲಿ ಬಿಟ್ರೆ, ಫೋಕಸ್ ಸಿಗದೆ ಕ್ಯಾಮೆರಾ ಕ್ಲಿಕ್ ಮಾಡುವುದೇ ಇಲ್ಲ. ಆಗ ಜನ ರಿಮೋಟ್ ಹಾಳಾಯ್ತು ಅಂತ ಕುಟ್ಟಲಿಕ್ಕೆ ಶುರು ಮಾಡ್ತಾರೆ. ಹಕ್ಕಿ ಕೂರುವ ಜಾಗದಲ್ಲಿ ಒಂದು ಅಡಿಕೆ ಇಟ್ಟು ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುವಲ್‌ಗೆ ತಳ್ಳಿ, ಅಡಿಕೆ ತೆಗೀರಿ. ಎರಡನೆಯದು, ನಿಮ್ಮ ಕಣ್ಣು ವ್ಯೂಫೈಂಡರಿನಲ್ಲಿ ಇಲ್ಲದಿದ್ದಾಗ ಹಿಂದಿನಿಂದ ಬಿಸಿಲು ಒಳಗೆ ನುಗ್ಗಿ ಬೆಳಕು ಅಳೆಯುವ ಮೀಟರನ್ನು ಮೋಸ ಮಾಡ್ತದೆ, ಫೋಟೊ ಕಪ್ಪಾಗಿ ಬರ್ತದೆ. ಕ್ಯಾಮೆರಾದ ಕುತ್ತಿಗೆ ಪಟ್ಟಿಯಲ್ಲಿ ಒಂದು ಕಪ್ಪು ರಬ್ಬರ್ ತುಂಡು ಸಿಕ್ಕಿಸಿರ್ತಾರೆ ನೋಡಿ, ಅದು ಎಂತಕ್ಕೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ವ್ಯೂಫೈಂಡರಿನ ಸುತ್ತಲಿನ ಐಕಪ್ ತೆಗೆದು ಆ ತುಂಡನ್ನು ಹಾಕುವುದು.

ಕಾಪು ಕಡಲು
ಅದನ್ನು ನಾನು ಪಟ್ಟಿಯ ಅಲಂಕಾರ ಅಂದ್ಕೊಂಡಿದ್ದೆ.

ಬೋಳಾರ ಬ್ಯಾಚುಲರ್
ನಾನೂ. ಯಾರಿಗೂ ಹೇಳಬೇಡಿ.
ಒಂದು ಸಂಶಯ ನನ್ನದೂ ಉಂಟು. ಮೇ ತಿಂಗಳಿನಲ್ಲಿ ಸಂಜೆ ಕಡಲ ಮೇಲೆ ಮಿಂಚು ಬರ್ತದಲ್ಲ, ಅದಕ್ಕೆ ಟೈಮರ್ ಹಿಡಿದು ಕೂತು ನನಗೆ ಸಾಕಾಗಿದೆ. ಪ್ರತಿ 15 ಸೆಕೆಂಡಿಗೆ ಎದ್ದು ಒತ್ತಬೇಕು, ಒತ್ತಿ ಕೂರುವ ಆ ಎರಡು ಸೆಕೆಂಡಿನಲ್ಲೇ ಮಿಂಚ್ತದೆ.

ಹಳೇ ಸ್ಟುಡಿಯೋ
ಬಂದ್ರಿ ದಾರಿಗೆ. ವೈರಿನ ಸ್ವಿಚ್ಚಿನಲ್ಲಿ ಬಟನ್ ಒತ್ತಿ ಮುಂದಕ್ಕೆ ತಳ್ಳಿದ್ರೆ ಲಾಕ್ ಆಗ್ತದೆ. ಡ್ರೈವ್ ಕಂಟಿನ್ಯುಯಸ್‌ಗೆ ಹಾಕಿ, ಶಟರ್ 15 ಸೆಕೆಂಡು, ಲಾಕ್ ಮಾಡಿ, ಒಳಗೆ ಹೋಗಿ ಚಾ ಕುಡೀರಿ. ಒಂದರ ಹಿಂದೆ ಒಂದು ತೆಗೀತಾ ಇರ್ತದೆ. 30 ಸೆಕೆಂಡಿಗಿಂತ ಉದ್ದದ ಬಲ್ಬ್‌ಗೂ (ಒತ್ತಿದಷ್ಟು ಹೊತ್ತು ಶಟರ್ ತೆರೆದೇ ಇರುವುದು) ಇದೇ ಲಾಕ್. ಬಲ್ಬ್ ಅಂದ್ರೆ ದೀಪ ಅಲ್ಲ, ಹಿಂದಿನ ಕಾಲದಲ್ಲಿ ರಬ್ಬರ್ ಬುರುಡೆ ಹಿಸುಕಿ ಗಾಳಿಯಿಂದ ಶಟರ್ ತೆರೀತಿದ್ರು, ಆ ಬುರುಡೆಯ ಹೆಸರು. ಮತ್ತೆ, ಮಿಂಚು ತೆಗೆಯುವುದು ಮನೆಯ ಒಳಗಿನಿಂದ. ಬೀಚಿನಲ್ಲಿ ಲೋಹದ ಟ್ರೈಪಾಡು ನಿಲ್ಲಿಸಿ ಹೀರೋ ಆಗಬೇಡಿ.

ಬೋಳಾರ ಬ್ಯಾಚುಲರ್
ಸರಿ, ಒಂದು ವೈರು ತರ್ತೇನೆ. ವೈರು ಮಾತ್ರ! ನನ್ನದೂ ಕ್ಯಾನನ್, ಇ3 ತೂತಿನದ್ದೇ.

ಕಾಪು ಕಡಲು
ಹನ್ನೊಂದು ದಿನದ ಮೇಲೆ ಬಂದೆ. ವೈರು ಸಿಕ್ತು. ನಿನ್ನೆ ಇಳಿತದ ಹೊತ್ತಿಗೆ ಲೈಟ್‌ಹೌಸ್ ಬುಡದಲ್ಲಿ ಲೈವ್ ವ್ಯೂ ಹಾಕಿ, ಅರ್ಧ ಸೆಕೆಂಡಿನಲ್ಲಿ ಅರವತ್ತೆಂಟು ತೆಗೆದೆ. ಅರವತ್ತೈದು ಬಿಸಾಡುವಂಥದ್ದು. ಮೂರರಲ್ಲಿ ನೀರು ಬಾಚಣಿಗೆಯಲ್ಲಿ ಬಾಚಿದ ಹಾಗೆ ಇಳಿದಿದೆ, ಬಂಡೆಯ ಮೇಲಿನ ಚಿಪ್ಪು ಎಣಿಸಬಹುದು. ಮನೆಗೆ ಬಂದು ಪಿನ್ನನ್ನೂ ತೂತನ್ನೂ ಒಣ ಬಟ್ಟೆಯಲ್ಲಿ ಒರೆಸಿಟ್ಟೆ, ಉಪ್ಪು ಗಾಳಿ ಅಲ್ವಾ.
ಮೊದಲು ತಂದ ಇನ್‌ಫ್ರಾರೆಡ್ ವಾಪಸ್ ತಗೊಳ್ಳಲಿಲ್ಲ, "ಪೆಟ್ಟಿಗೆ ಒಡೆದಿದ್ದೀರಿ" ಅಂದ್ರು. ಯಾರಿಗಾದ್ರೂ ಬೇಕಾ?

ತೆಂಕುಪೇಟೆ
ನನ್ನ ತಂಗಿಯದ್ದು 700ಡಿ, ಅದಕ್ಕೆ ಕಿಟಕಿ ಉಂಟು. ಮನೆಯ ಗ್ರೂಪ್ ಫೋಟೊದಲ್ಲಿ ಪ್ರತಿ ಸಲ ಓಡಿ ಬಂದು ನಿಲ್ಲುವವಳು ಅವಳೇ, ಒಂದರಲ್ಲೂ ಮುಖ ನೆಟ್ಟಗಿಲ್ಲ. 200ಕ್ಕೆ ಕೊಡ್ತೀರಾ?

ಕಾಪು ಕಡಲು
250.

ತೆಂಕುಪೇಟೆ
225, ಮತ್ತೆ ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ರ ಒಂದು ಚಾ ನನ್ನ ಲೆಕ್ಕದಲ್ಲಿ. ಶನಿವಾರ ಐದಕ್ಕೆ?

ಕಾಪು ಕಡಲು
ಆಯ್ತು. ಸೆಲ್ ಹೊಸತು ಹಾಕಿದ್ದೇನೆ, ಅದರ ದುಡ್ಡು ಬಿಟ್ಟೆ.