ಬೈಕ್ ಬಿಟ್ಟು ಹೊಸ ವ್ಯಾನ್ ತಗೊಳ್ಳೋಣ ಅಂತಿದ್ದೇನೆ, ಓಡಿಸುವವರು ಅನುಭವ ಹೇಳಿ

ಪಂಪ್‌ಸೆಟ್ ಕುಮಟಾ
ಹದಿನಾಲ್ಕು ವರ್ಷದಿಂದ ಬೈಕಿನಲ್ಲೇ ಪಂಪ್‌ಸೆಟ್ ರಿಪೇರಿ, ಪ್ಲಂಬಿಂಗ್ ಕೆಲಸ. ಮಳೆಗಾಲದಲ್ಲಿ ರೇನ್‌ಕೋಟ್ ಒಳಗೆ ಡ್ರಿಲ್ ಮಷಿನ್ ಅಪ್ಪಿಕೊಂಡು ಹೋಗಿ ಸಾಕಾಗಿದೆ. ಮುಚ್ಚಿದ ಕಾರ್ಗೋ ವ್ಯಾನ್ ನೋಡಿ ಬಂದಿದ್ದೇನೆ, ಪೆಟ್ರೋಲ್. ಓಡಾಟ ಗೋಕರ್ಣ, ಮಿರ್ಜಾನ, ಕತಗಾಲ ಬದಿಗೆ. ತಿಂಗಳಿಗೆ ಒಂದೆರಡು ಸಲ ದೇವಿಮನೆ ಘಾಟಿ ಹತ್ತಿ ಶಿರಸಿ. ನನ್ನ ಪ್ರಶ್ನೆ ಎರಡೇ. 20 ಅಡಿ ಪಿವಿಸಿ ಪೈಪ್ ಹೇಗೆ ಒಯ್ಯುತ್ತೀರಿ? ಉಪ್ಪುಗಾಳಿಗೆ ತಗಡು ಎಷ್ಟು ವರ್ಷ ತಡೀತದೆ?

ಅಂಕೋಲಾ ಮೀನು ಲೈನ್
ನಾನು ತಗೊಂಡದ್ದು 2023ರ ಅಕ್ಟೋಬರ್‌ನಲ್ಲಿ. ಆನ್‌ರೋಡ್ 6 ಲಕ್ಷ 38 ಸಾವಿರ. 88 ಸಾವಿರ ಕೈಯಿಂದ, ಐದೂವರೆ ಲಕ್ಷ ಸಾಲ, 60 ಕಂತು, ತಿಂಗಳಿಗೆ 11,821. ಮಗಳು ಹುಟ್ಟಿದ ತಾರೀಕು ಮರೆತರೂ ಈ 11,821 ಮರೆಯೂದಿಲ್ಲ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಬಂದ್. ಬೋಟು ಬಂದ್ ಆದರೆ ಕಂತು ಬಂದ್ ಆಗ್ತದಾ? ಎರಡು ತಿಂಗಳದ್ದು 23,642, ಅದನ್ನು ಏಪ್ರಿಲ್‌ನಲ್ಲೇ ಬೇರೆ ಡಬ್ಬಿಗೆ ಹಾಕಿ ಇಡಬೇಕು. ಮೊದಲ ವರ್ಷ ಇಡಲಿಲ್ಲ. ಒಣಮೀನು ಲೈನ್ ಮಾಡಿ ತುಂಬಿಸ್ತೇನೆ ಅಂದ್ಕೊಂಡೆ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸೀತು, ಹೈವೇ ಬಂದ್. ವ್ಯಾನ್ ಅಂಕೋಲಾ ಬದಿಗೆ, ನನ್ನ ಮಾಲು ಕುಮಟಾ ಬದಿಗೆ. ಅಲ್ಲಿ ಹೋದ ಜೀವಗಳ ಮುಂದೆ ನನ್ನ ಕಂತು ಎಂತದೂ ಅಲ್ಲ, ಹೇಳೂಕೂ ನಾಚಿಕೆ. ಆದರೆ ಬ್ಯಾಂಕಿನವರ ಫೋನು ನಿಲ್ಲಲಿಲ್ಲ.

ಈಗ ತುಕ್ಕಿನ ವಿಚಾರ. ಹಿಂಬಾಗಿಲ ಕೆಳಗಿನ ಮಡಿಕೆಯಲ್ಲಿ ಶೆಟ್ಲಿ (ಸೀಗಡಿ) ಕಣ್ಣಿನಷ್ಟು ಒಂದು ಗುಳ್ಳೆ ಕಂಡಿತು. ಉಗುರಲ್ಲಿ ಒತ್ತಿದೆ. ಬಣ್ಣ ಹಪ್ಪಳದ ಹಾಗೆ ಎದ್ದು ಬಂತು, ಒಳಗೆ ಕೆಂಪು ಪುಡಿ. ಆಗ ವ್ಯಾನಿಗೆ ಬರೇ 14 ತಿಂಗಳು! ಗಾಳಿಗೇ ಹೀಗಾಯ್ತು ಅಂತ ಎಲ್ಲರೂ ಹೇಳಿದರು, ನಾನೂ ನಂಬಿದ್ದೆ. ಆಮೇಲೆ ಒಂದು ದಿನ ಪಕ್ಕದ ಜಾರುಬಾಗಿಲು ಸರಿಯೂದಿಲ್ಲ ಅಂತ ಕೂತು ನೋಡಿದೆ. ಹಳಿಯ ಕೆಳಗೆ ನೀರು ಇಳಿಯೂಕೆ ತೂತು ಇರ್ತದೆ. ಥರ್ಮಾಕೋಲ್ ಕಾಳು, ಮೀನಿನ ಹುರುಪೆ ಎರಡೂ ಸೇರಿ ಅಂಟು ಹಾಕಿ ಬಡಿದ ಹಾಗೆ ಮುಚ್ಚಿಕೊಂಡಿತ್ತು. ಮುರಿದ ಕೊಡೆಯ ಕಡ್ಡಿ ಹಾಕಿ ಚುಚ್ಚಿದರೆ ಅರ್ಧ ಚೊಂಬು ಕಪ್ಪು ನೀರು ಸುರೀತು. ಹದಿನಾಲ್ಕು ತಿಂಗಳ ಬಂಗಡೆ, ತಾರ್ಲೆ ಎಲ್ಲದರದ್ದೂ ರಸ. ಆ ನೀರೇ ತಗಡು ತಿಂದದ್ದು.

ತಗಡು ಕತ್ತರಿಸಿ ಬೆಸುಗೆ 7,500. ಬಣ್ಣ 4,200. ತಳಕ್ಕೆ ಕೋಟಿಂಗ್ 5,500. ಒಳಗೆ ಫೈಬರ್ ಟ್ರೇ 18,000. ಒಟ್ಟು 35,200. ಟ್ರೇ ಮೊದಲ ದಿನವೇ ಹಾಕಿಸಿದ್ದರೆ ಬೆಸುಗೆಯ ದುಡ್ಡು ಉಳೀತಿತ್ತು. ಶೋರೂಮಿನಲ್ಲಿ ಪುಕ್ಕಟೆ ರಬ್ಬರ್ ಮ್ಯಾಟ್ ಕೊಟ್ಟರು ಅಂತ ಖುಷಿಪಟ್ಟಿದ್ದೆ. ಮ್ಯಾಟಿನ ಅಡಿಗೇ ಎಲ್ಲ ನಡೆದದ್ದು.

ಶಿರಸಿ ಅಡುಗೆ ಕಂತ್ರಾಟು
ಅದಕ್ಕೇ ಹೇಳುವುದು, ಮುಚ್ಚಿದ ವ್ಯಾನ್ ಬೇಡ. ನಾನು ತೆರೆದ ಪಿಕಪ್ ತಗೊಂಡೆ, ನಾಲ್ಕು ವರ್ಷವಾಯ್ತು, ಪಶ್ಚಾತ್ತಾಪ ಇಲ್ಲ. ಕೊಪ್ಪರಿಗೆ, ಒಲೆ, 300 ಜನರ ಪಾತ್ರೆ ಒಂದೇ ಟ್ರಿಪ್. ದೇವಿಮನೆ ರಸ್ತೆ ಕೆಲಸಕ್ಕೆ ಬಂದ್ ಆಗಿದ್ದಾಗ ಹೊನ್ನಾವರದ ಒಂದು ಮದುವೆಗೆ ಸಿದ್ದಾಪುರ ಸುತ್ತಿ ದೊಡ್ಡಮನೆ ಘಾಟಿ ಇಳಿದೆ. ಎರಡನೇ ಗೇರಲ್ಲೇ ಇಳಿಸಿದ್ದು, ಬ್ರೇಕ್ ಮುಟ್ಟಿದ್ದು ಲೆಕ್ಕಕ್ಕೆ ಸಿಗುವಷ್ಟು ಸಲ.

ಕಷ್ಟ ಇಲ್ಲವೆಂದಲ್ಲ. ಜುಲೈ ತಿಂಗಳ ಒಂದು ಉಪನಯನಕ್ಕೆ ತಾಡಪತ್ರಿ ಹರಿದು 25 ಕೆಜಿ ಸಕ್ಕರೆ ಪಾನಕವಾಯ್ತು. ಅಂದೇ ಕಬ್ಬಿಣದ ಕಮಾನು ಹಾಕಿಸಿದೆ, 9,000. ತಾಡಪತ್ರಿ ಎರಡು ಪದರ, 3,600. ಆದರೂ ಹೇಳುತ್ತೇನೆ, ಸಕ್ಕರೆ ಕರಗಿದರೆ ಬೇರೆ ಸಕ್ಕರೆ ತರಬಹುದು. ಪಿಕಪ್ ಸರ್ವೀಸಿಗೆ ಬಿಟ್ಟಿದ್ದಾಗ ಒಮ್ಮೆ ಮುಚ್ಚಿದ ವ್ಯಾನ್ ಬಾಡಿಗೆಗೆ ತಂದಿದ್ದೆ. ಹಿಂದಿನ ದಿನ ಅದರಲ್ಲಿ ಮೀನು ಹೋಗಿತ್ತಂತೆ. ಹೋಳಿಗೆಗೆ ಬಡಿಸಬೇಕಿದ್ದ ಎಂಟು ಕೆಜಿ ತುಪ್ಪ ವಾಸನೆ ಎಳೆದುಕೊಂಡಿತು. ಮನೆಯವರ ಮುಖ ನೋಡಲಿಕ್ಕಾಗಲಿಲ್ಲ. ಆನು ಹೇಳದು ಇಷ್ಟೇಯ, ಮೀನಿನ ಗಾಡಿಯೂ ಬೇರೆ ಗಾಡಿಯೂ ಒಂದಲ್ಲ.

ಅಂಕೋಲಾ ಮೀನು ಲೈನ್
ತುಪ್ಪದ ಡಬ್ಬಿಗೆ ಮುಚ್ಚಳ ಇರಲಿಲ್ಲವಾ ಮಾರಾಯರೇ? ನನ್ನ ವ್ಯಾನ್ ದಿನಾ ಬಿಸಿನೀರು, ಸೋಪಿನಪುಡಿ, ಮೇಲೆ ಲಿಂಬೆಸಿಪ್ಪೆ ಹಾಕಿ ತೊಳೀತೇನೆ. ನಿಮ್ಮ ಪಿಕಪ್ಪನ್ನು ಮದುವೆ ಮುಗಿದ ಮೇಲೆ ಯಾರು ತೊಳೀತಾರೆ, ಮಳೆಯಾ? ಪಂಪ್‌ಸೆಟ್ ಅಣ್ಣ ಕೇಳಿದ್ದು ತುಕ್ಕು, ನೀವು ತಂದದ್ದು ಮಡಿ.

ಶಿರಸಿ ಅಡುಗೆ ಕಂತ್ರಾಟು
ಮಡಿಯ ಮಾತು ನಾನು ಎತ್ತಲಿಲ್ಲ. ತುಪ್ಪದ ರೇಟು ಗೊತ್ತಿದೆಯಾ ನಿಮಗೆ?

ಸದಾಶಿವಗಡ ಬೇಕರಿ
ನನ್ನ ಹೊಟ್ಟೆಉರಿ ಕೇಳಿ. ಎರಡು ವರ್ಷ ತಡೆದಿದ್ದೆ. ಹೆಂಡತಿ ವರಮಹಾಲಕ್ಷ್ಮಿ ದಿನವೇ ಮನೆಗೆ ಬರಬೇಕು ಅಂದಳು. 2025ರ ಆಗಸ್ಟ್ 8, ಹೂವಿನ ಮಾಲೆ, ಲಿಂಬೆಹಣ್ಣು, ಫೋಟೋ. ಒಂದೇ ವಾರ, ಆಗಸ್ಟ್ 15ಕ್ಕೆ ಜಿಎಸ್‌ಟಿ ಇಳಿಸ್ತೇವೆ ಅಂತ ಕೆಂಪುಕೋಟೆಯಿಂದಲೇ ಘೋಷಣೆ. ಸೆಪ್ಟೆಂಬರ್ 22ಕ್ಕೆ 28 ಇದ್ದದ್ದು 18 ಆಯ್ತು. ಅದೇ ವ್ಯಾನ್ ಅದೇ ಬಣ್ಣದ್ದು ಭಾವ ನವರಾತ್ರಿಗೆ ತಂದ, ನನಗಿಂತ 40 ಸಾವಿರದ ಮೇಲೆ ಕಡಿಮೆಗೆ. ತಂದವನು ನೇರ ನಮ್ಮ ಅಂಗಳಕ್ಕೇ ತಂದು ನಿಲ್ಲಿಸಿದ. ಎರಡೂ ವ್ಯಾನ್ ಅಕ್ಕಪಕ್ಕ. ಹೆಂಡತಿ ಇವತ್ತಿಗೂ ಆ ವಿಷಯ ತೆಗೆದರೆ ಲಕ್ಷ್ಮಿಯನ್ನು ಲೆಕ್ಕ ಹಾಕಬಾರದು ಅಂತಾಳೆ.

ದಿನಚರಿ ಹೇಳಬೇಕೆಂದರೆ, ಬೆಳಗ್ಗೆ ನಾಲ್ಕೂವರೆಗೆ ಪಾವು, ಬನ್ನು ತುಂಬಿ ಕಾಳಿ ಸೇತುವೆ ದಾಟಬೇಕು. ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಬಿದ್ದ ಮೇಲೆ ಹೋಗುವುದೂ ಬರುವುದೂ ಒಂದೇ ಸೇತುವೆ. ಬಿದ್ದ ದಿನ ಬೆಳಗ್ಗೆ ನಾಲ್ಕೂವರೆಗೆ ನನ್ನ ಸ್ಕೂಟರ್ ಅಲ್ಲಿ ಪೊಲೀಸರ ಹಗ್ಗದ ಮುಂದೆ ನಿಂತಿತ್ತು. ವ್ಯಾನಿನ ಪ್ರಶ್ನೆಗೆ ಇದು ಸಂಬಂಧ ಇಲ್ಲ, ಆದರೂ ಸೇತುವೆ ದಾಟುವಾಗ ದಿನಾ ನೆನಪಾಗ್ತದೆ.

ಇನ್ನೊಂದು ಯಾರೂ ಹೇಳುವುದಿಲ್ಲ. ವ್ಯಾನ್ ಬಂದ ದಿನದಿಂದ ನೀವು ಊರಿನ ಆಸ್ತಿ. ಫ್ರಿಜ್ ಸಾಗಿಸಬೇಕು, ಗಣಪತಿ ತರಬೇಕು, ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಗೂಡ್ಸ್ ಗಾಡಿಯಲ್ಲಿ ಹಿಂದೆ ಜನ ಕೂರಿಸುವ ಹಾಗಿಲ್ಲ ಅಂದರೆ "ಆಯ್ತು, ದೊಡ್ಡ ಮನುಷ್ಯ ಆದೆ" ಅಂತಾರೆ. ಪೆಟ್ರೋಲಿಗೆ ದುಡ್ಡು ಕೇಳಿದರೆ ಸಂಬಂಧವೇ ಹೋಯಿತು.

ಓಮ್ನಿ ಕಂಡವ
ಓಮ್ನಿ 1984ರಲ್ಲಿ ಬಂದ ಗಾಡಿ, 2019ಕ್ಕೆ ನಿಂತಿತು. ನನ್ನದು 2009ರದ್ದು, ಇನ್ನೂ ಅರಬೈಲ್ ಘಾಟಿ ಹತ್ತುತ್ತದೆ. ನಿಮ್ಮ ಹೊಸ ಗಾಡಿಗಳ ಗೋಳು ಓದಿ ಚಾ ಕುಡಿದೆ.

ಕಾರವಾರ ವೈರಿಂಗ್
ಪಂಪ್‌ಸೆಟ್ ಅಣ್ಣಾ, ಹಳದಿ ಬೋರ್ಡಿಗೆ ಹೋಗಲೇಬೇಡಿ. ಐದು ಸೀಟಿನದ್ದು ಬಿಳಿ ಬೋರ್ಡಲ್ಲಿ ತಗೊಂಡೆ, ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಹಾಕಿದೆ. ವೈರ್ ಬಂಡಲ್, ಏಣಿ, ಎಲ್ಲ ಹಿಡೀತದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ರಗಳೆ ಇಲ್ಲ. 2025ರಲ್ಲಿ 3,000 ರೂಪಾಯಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಸಿಕ್ಕಿತು, 200 ಸಲ ಟೋಲ್ ದಾಟಬಹುದು. ಹಟ್ಟಿಕೇರಿ, ಹೊಳೆಗದ್ದೆ ಎರಡೂ ಸಲೀಸು. ಹಳದಿಯವರಿಗೆ ಆ ಪಾಸ್ ಇಲ್ಲ.

ಭಟ್ಕಳ ಐಸ್‌ಕ್ರೀಮ್
ಇಂಥ ಸಲಹೆ ಕೊಡುವವರಿಂದಲೇ ನಾನು ಹಾಳಾದದ್ದು. ನಾನೂ ಬಿಳಿ ಬೋರ್ಡು, ನಾನೂ ಸೀಟು ಬಿಚ್ಚಿದವ. ಹೊನ್ನಾವರ ದಾಟಿ ಬರುವಾಗ ಮಳೆಗೆ ಜಾರಿ ಡಿವೈಡರಿಗೆ ಹೊಡೆದೆ. ಮುಂದಿನ ಆಕ್ಸಲ್, ರೇಡಿಯೇಟರ್, ಬಂಪರ್, ಗ್ಲಾಸು. ಬಿಲ್ಲು 1 ಲಕ್ಷ 12 ಸಾವಿರ. ಸರ್ವೇಯರ್ ಬಂದವನು ಎಂಜಿನ್ ನೋಡಲೇ ಇಲ್ಲ, ಹಿಂದೆ ಹೋಗಿ ಬಾಗಿಲು ತೆಗೆದ. ಸೀಟಿಲ್ಲ, ಫ್ರೀಜರ್ ಪೆಟ್ಟಿಗೆ, ಮೇಲೆ ಅಂಗಡಿ ಸ್ಟಿಕರ್. ಮೊಬೈಲಲ್ಲಿ ನಾಲ್ಕು ಫೋಟೋ ಹೊಡೆದ. "ಖಾಸಗಿ ವಾಹನ, ವ್ಯಾಪಾರಕ್ಕೆ ಬಳಕೆ" ಅಂತ ಬರೆದು ಕ್ಲೇಮ್ ತಳ್ಳಿಹಾಕಿದರು. ಒಂದು ರೂಪಾಯಿ ಬರಲಿಲ್ಲ. ಈಗ ಹಳದಿ ಬೋರ್ಡು. ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ 16,049, ಮೇಲೆ ತೆರಿಗೆ. ಕೊಡ್ತೇನೆ, ರಾತ್ರಿ ನಿದ್ದೆ ಬರ್ತದೆ.

ಕಾರವಾರ ವೈರಿಂಗ್
ನಿಮ್ಮದು ಐಸ್‌ಕ್ರೀಮ್ ವ್ಯಾಪಾರ. ನಾನು ನನ್ನ ಟೂಲ್ ನಾನೇ ಒಯ್ಯುವವ. ಸ್ಟಿಕರ್ ಹಚ್ಚಿದ್ದು ನಿಮ್ಮ ದಡ್ಡತನ.

ಭಟ್ಕಳ ಐಸ್‌ಕ್ರೀಮ್
ಸೀಟು ಅಟ್ಟದಲ್ಲಿದೆ ಅಂತ ಊರಿಗೆಲ್ಲ ಬರೆದು ಹಾಕಿದ್ದು ಯಾರ ದಡ್ಡತನ? ಆರ್‌ಸಿಯಲ್ಲಿ ಇದ್ದ ಹಾಗೆ ಗಾಡಿ ಇಲ್ಲದಿದ್ದರೆ ಅದೇ ತಪ್ಪು. ಅಪಘಾತ ಆಗುವವರೆಗೆ ಎಲ್ಲರೂ ಬುದ್ಧಿವಂತರೇ.

ಸದಾಶಿವಗಡ ಬೇಕರಿ
ಹಳದಿ ಅಂದರೆ ಭೂತ ಅಲ್ಲ. ತೂಕ ಮಾಲು ಸೇರಿ 3,000 ಕೆಜಿಯ ಒಳಗಿನ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಬೇರೆ ಲೈಸೆನ್ಸೂ ಬೇಡ, 7,500 ಕೆಜಿವರೆಗೆ ಕಾರಿನ ಮಾಮೂಲಿ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿಯಾಗಿದೆ. ಎಫ್‌ಸಿ ಹೊಸ ಗಾಡಿಗೆ ಮೊದಲ ಎರಡು ವರ್ಷ ಇಲ್ಲ, ಮತ್ತೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ. ಜಿಲ್ಲೆಯ ಹಳದಿ ಬೋರ್ಡಿಗೆ ಜಿಲ್ಲೆಯ ಟೋಲಲ್ಲಿ ಅರ್ಧ ರಿಯಾಯಿತಿಯೂ ಇದೆ, ಕೇಳಿ ಪಡೀಬೇಕು ಅಷ್ಟೇ. ನನಗೆ ತೊಂದರೆ ಒಂದೇ, ವೇಗ 80ಕ್ಕೆ ಲಾಕ್. ಹೈವೇಯಲ್ಲಿ ಖಾಸಗಿ ಬಸ್ಸಿನವರು ಬೆನ್ನಿಗೆ ಹಾರನ್ ಒತ್ತುತ್ತಾರೆ, ನಾನು ಪಾವು ಬಿಸಿ ಆರುವ ಮೊದಲು ಮುಟ್ಟಬೇಕು.

ಓಮ್ನಿ ಕಂಡವ
ಟೋಲ್ ಕೊಡುವ ರಸ್ತೆಯಾ ಅದು? ನನ್ನ ಗಾಡಿಗೆ ಅದರ ಹೊಂಡಕ್ಕೇ ಎರಡು ಸಲ ಬುಶ್ ಹೋಯ್ತು.

ಶಿರಸಿ ಅಡುಗೆ ಕಂತ್ರಾಟು
ನಿಮಗೆ ಹೈವೇಯಾದರೂ ಇದೆ. ನಮಗೆ ಘಟ್ಟ ಇಳಿಯುವುದೇ ಒಂದು ಯಾತ್ರೆ. ಜಿಲ್ಲಾ ಕಚೇರಿಯ ಒಂದು ಕಾಗದಕ್ಕೆ ಕಾರವಾರಕ್ಕೆ ಬರಬೇಕು, ಒಂದು ದಿನದ ಅಡುಗೆ ಹಾಳು. ಶಿರಸಿ ಬೇರೆ ಜಿಲ್ಲೆಯಾದರೆ ಈ ಗೋಳು ಅರ್ಧ ತಪ್ಪುತ್ತದೆ.

ಅಂಕೋಲಾ ಮೀನು ಲೈನ್
ಬಂತು! ಎಲ್ಲಿಂದ ಎಲ್ಲಿಗೆ ಬಂತು! ವ್ಯಾನ್ ಕೇಳಿದವನಿಗೆ ಜಿಲ್ಲೆ ಕೊಡ್ತಾರೆ. ಬೇರೆ ಆಗಿ, ಖುಷಿಯಿಂದ ಆಗಿ. ಆದರೆ ನಿಮ್ಮ ಶಿರಸಿ ಮಾರ್ಕೆಟ್ಟಿಗೆ ಬರುವ ಮೀನು ಯಾವ ಜಿಲ್ಲೆಯಿಂದ ಹೋಗ್ತದೆ, ಯಾರ ವ್ಯಾನಲ್ಲಿ ಹೋಗ್ತದೆ, ಅದೊಂದು ವಿಚಾರ ಮಾಡಿ.

ಶಿರಸಿ ಅಡುಗೆ ಕಂತ್ರಾಟು
ಶಿರಸಿಯಲ್ಲಿ ಮೀನು ತಿನ್ನುವವರು ಇಲ್ಲ ಎಂದು ಯಾರು ಹೇಳಿದರು? ತುಪ್ಪದ ಪಕ್ಕ ಇಡಬೇಡಿ ಎಂದೆ.

ಪಂಪ್‌ಸೆಟ್ ಕುಮಟಾ
ಎಲ್ಲರಿಗೂ ಥ್ಯಾಂಕ್ಸ್. 20 ಅಡಿ ಪೈಪಿನ ಬಗ್ಗೆ ಮಾತ್ರ ಒಬ್ಬರೂ ಹೇಳಲಿಲ್ಲ.

ಅಂಕೋಲಾ ಮೀನು ಲೈನ್
ವ್ಯಾನಿನ ಉದ್ದವೇ ಹನ್ನೆರಡು ಅಡಿ. ಒಳಗೆ ಹೋಗೂದಿಲ್ಲ, ಮೇಲೆ ಕಟ್ಟಿದರೆ ಹಿಂದೆ ಮುಂದೆ ಚಾಚ್ತದೆ. ಚಾಚಿದ ಮಾಲಿಗೆ ದಂಡ 20 ಸಾವಿರ. 10 ಅಡಿಯ ಎರಡು ತುಂಡು ತಗೊಂಡು ಮಧ್ಯೆ ಕಪ್ಲರ್ ಹಾಕಿ, ಮುಗೀತು.

ಕಾರವಾರ ವೈರಿಂಗ್
ಕಪ್ಲರ್ ಹಾಕಿದಲ್ಲೇ ಲೀಕ್ ಆಗುವುದು. ಪೈಪ್ ಅಂಗಡಿಯವನ ಗಾಡಿಯಲ್ಲೇ ಸೈಟಿಗೆ ಹಾಕಿಸಿ.

ಅಂಕೋಲಾ ಮೀನು ಲೈನ್
ಪ್ಲಂಬರ್‌ಗೆ ವೈರಿಂಗಿನವರು ಲೀಕ್ ಕಲಿಸ್ತಾರೆ.

ಪಂಪ್‌ಸೆಟ್ ಕುಮಟಾ
ನಿನ್ನೆ ಬುಕ್ ಮಾಡಿದೆ. ಮುಚ್ಚಿದ್ದು, ಹಳದಿ ಬೋರ್ಡು. ರಬ್ಬರ್ ಮ್ಯಾಟ್ ಬೇಡ ಅಂದೆ, ಸೇಲ್ಸ್ ಹುಡುಗ ವಿಚಿತ್ರವಾಗಿ ನೋಡಿದ. ಡೆಲಿವರಿ ಮುಂದಿನ ತಿಂಗಳು. ಪಕ್ಕದ ಮನೆಯವರು ಗೃಹಪ್ರವೇಶಕ್ಕೆ ನೂರು ಕುರ್ಚಿ ತಂದುಕೊಡಬೇಕು ಅಂತ ಇವತ್ತೇ ಹೇಳಿ ಹೋದರು.